ಬೆನ್ನಿನ ಮೇಲಿನ ಆರು

ಮನೆ, ಹೊಲಿಗೆ ಯಂತ್ರದ ಪಕ್ಕ
ಹನ್ನೆರಡನೇ ತಾರೀಖು, ಮಂಗಳವಾರ ಮಧ್ಯಾಹ್ನ

ನನ್ನ ಪುಟ್ಟನಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯ ಮಗಾ? ಎಡಗಾಲಿನ ಹಿಮ್ಮಡಿ ನೋವು ಇಳಿಯಿತಾ? ‘ಪರವಾಗಿಲ್ಲ’ ಅಂತ ಮಾತ್ರ ಬರೆಯಬೇಡ. ನಿನ್ನ ಪರವಾಗಿಲ್ಲ ಎಂಥದ್ದು ಅಂತ ನನಗೆ ಗೊತ್ತು, ನೂರಾಮೂರು ಜ್ವರ ಇದ್ದಾಗಲೂ ಅದನ್ನೇ ಅಂದವನು ನೀನು. ಹೊಟ್ಟೆ ತುಂಬ ತಿನ್ನು. ಬೆವರಿದ ಮೈಯಲ್ಲಿ ಫ್ಯಾನಿನ ಕೆಳಗೆ ಮಲಗಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ, ಅಂದರೆ ನಿಮ್ಮಪ್ಪ ಚೆನ್ನಾಗಿದ್ದಾರೆ. ನನಗೆ ನಿನ್ನೆ ಬೆಳಗಿನ ಜಾವ ಒಂದು ಕೆಟ್ಟ ಕನಸು ಬಿತ್ತು. ನೀನು ದೊಡ್ಡ ಕ್ರೀಡಾಂಗಣದಲ್ಲಿ ಆಡುತ್ತಿದ್ದೆ. ಯಾರೋ ಮೈಕಿನಲ್ಲಿ “ಆರು ನಂಬರು ಮುಂದೆ ಬಾ” ಅಂದರು. ಅಂಗಣದಲ್ಲಿದ್ದ ಹತ್ತೂ ಹುಡುಗರು ಬೆನ್ನು ತಿರುಗಿಸಿ ನಿಂತರು, ಹತ್ತೂ ಬೆನ್ನಿನ ಮೇಲೆ ಆರು. ನಾನು ಮಂಡಿಯೂರಿ ಒಬ್ಬೊಬ್ಬರದೇ ಹೊಲಿಗೆ ಬಿಚ್ಚುತ್ತಾ ಹೋದೆ, ಬಿಚ್ಚಿದಷ್ಟೂ ಅದು ತಾನಾಗಿ ಕೂಡಿಕೊಳ್ಳುತ್ತಿತ್ತು. ಜನ ಎಲ್ಲ ನಗುತ್ತಿದ್ದರು. ಅವರಲ್ಲಿ ನೀನು ಯಾರು ಅಂತ ನನಗೇ ಗುರುತು ಸಿಗಲಿಲ್ಲ. ನಿಮ್ಮಪ್ಪನಿಗೆ ಹೇಳಿದರೆ, “ಮಲಗೋ ಮುಂಚೆ ಅಷ್ಟು ತಿಂದ್ರೆ ಹತ್ತಲ್ಲ, ಹನ್ನೆರಡು ಜನ ಬರ್ತಾರೆ” ಅಂದು ಮಗ್ಗುಲಾದರು. ಅವರಿಗೆ ಗೊತ್ತಿಲ್ಲ. ನಾನು ಯಾರಿಗೂ ಹೇಳಿಲ್ಲ. ಆರು ವರ್ಷದಿಂದ ಹೇಳಿಲ್ಲ.

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಒತ್ತಕ್ಷರ ತಪ್ಪಿದ್ದರೆ ಸರಿ ಮಾಡಿಕೊಂಡು ಓದು. ನಗಬೇಡ. ಹೋಗಲಿ, ನಗು. ಆಮೇಲೆ ನಗಲಾರೆಯೇನೋ.

ನೀನು ಎಂಟನೇ ಕ್ಲಾಸಿನಲ್ಲಿ ಓಡಿಬಂದು “ಅಮ್ಮಾ, ನಾನು ಗಾರ್ಡ್ ಆದೆ” ಅಂದದ್ದು ನೆನಪಿದೆಯಾ? ಓದಲು ಕಳಿಸಿದರೆ ನನ್ನ ಮಗನನ್ನು ಗೇಟು ಕಾಯಲು ಹಾಕಿದ್ದಾರೆ ಅಂದುಕೊಂಡು ನಾನು ಪಿ.ಟಿ. ಮೇಷ್ಟ್ರ ಹತ್ತಿರ ಜಗಳಕ್ಕೇ ಹೋಗಿದ್ದೆ. ಪಾಪ, ಅವರು ಶಾಲೆಯ ಹಿಂದಿನ ಸಿಮೆಂಟು ಅಂಗಣದಲ್ಲಿ, ಬಲೆಯೇ ಇಲ್ಲದ ಆ ಕಬ್ಬಿಣದ ಬಳೆಯ ಕೆಳಗೆ, ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದರು. ಬ್ಯಾಸ್ಕೆಟ್‌ಬಾಲಿನಲ್ಲಿ ಗಾರ್ಡ್ ಅಂದರೆ ಚೆಂಡನ್ನು ಹಿಂದಿನಿಂದ ಮುಂದಕ್ಕೆ ತರುವವನಂತೆ, ಬುಟ್ಟಿಯ ಹತ್ತಿರ ಇರುವವನ ಕೈಗೆ ಸರಿಯಾದ ಗಳಿಗೆಯಲ್ಲಿ ಕೊಡುವವನಂತೆ. “ಇವನು ಹಾಕೋದಕ್ಕಿಂತ ಹಾಕಿಸೋದು ಜಾಸ್ತಿ ಕಣಮ್ಮಾ” ಅಂದರು. ಇದು ನಮ್ಮ ಕಸುಬಿನ ಹಾಗೇ ಇದೆಯಲ್ಲ, ಹೊಲಿಯುವುದು ನಾವು, ಹಾಕಿಕೊಂಡು ಮೆರೆಯುವುದು ಇನ್ನೊಬ್ಬರು ಅಂತ ನನಗೆ ಖುಷಿಯಾಯಿತು. ನಿನ್ನ ಜೊತೆಗೆ ಇನ್ನೊಬ್ಬ ಗಾರ್ಡ್ ಇದ್ದ, ನಿಂತಲ್ಲಿ ನಿಲ್ಲದವನು ಅಂತ ನೀವೇ ಹೆಸರಿಟ್ಟ ಸ್ಪ್ರಿಂಗ. ನಿನ್ನದು ಆರನೇ ನಂಬರು, ಅವನದು ಒಂಬತ್ತು.

ಈಗ ಹೇಳುತ್ತೇನೆ. ಹೈಸ್ಕೂಲಿನ ಕೊನೆಯ ವರ್ಷ, ಫೈನಲ್ ಆಟಕ್ಕೆ ಹನ್ನೆರಡು ಜೆರ್ಸಿಗೆ ನಂಬರು ಹೊಲಿದದ್ದು ನಾನೇ. ಆರಕ್ಕೂ ಒಂಬತ್ತಕ್ಕೂ ಒಂದೇ ಅಚ್ಚು, ತಿರುಗಿಸಿಟ್ಟರೆ ಆಯಿತು. ಅದಕ್ಕೇ ಪ್ರತಿ ಅಂಕಿಯ ಬುಡಕ್ಕೆ ಸೀಮೆಸುಣ್ಣದಲ್ಲಿ ಒಂದು ಗೀಟು ಹಾಕಿಟ್ಟುಕೊಳ್ಳುತ್ತಿದ್ದೆ. ಆ ದಿನ ಬಟ್ಟೆ ಮುದುರಿದೆ ಅಂತ ಮೊದಲೇ ಇಸ್ತ್ರಿ ಹಾಕಿಬಿಟ್ಟೆ. ಹಬೆಗೆ ಗೀಟು ಮಾಯ. ಸ್ಪ್ರಿಂಗನ ಎದೆಯ ಮೇಲೆ ಒಂಬತ್ತು ಸರಿಯಾಗಿಯೇ ಕೂತಿತು. ಬೆನ್ನಿನದು ತಲೆಕೆಳಗಾಯಿತು. ಅಂದರೆ ಮುಂದಿನಿಂದ ನೋಡಿದರೆ ಅವನು, ಹಿಂದಿನಿಂದ ನೋಡಿದರೆ ನೀನು.

ಅಂಕ ಬರೆಯುವ ಮೇಜನ್ನು ಆ ದಿನ ಜಾಗವಿಲ್ಲದೆ ನಮ್ಮ ಬುಟ್ಟಿಯ ಹಿಂದೆ ಹಾಕಿದ್ದರು. ಮೊದಲ ಅರ್ಧದಲ್ಲಿ ನೀವು ಎದುರು ಕಡೆಯ ಬುಟ್ಟಿಗೆ ಓಡುತ್ತಿದ್ದಿರಿ, ಬರೆಯುವವರಿಗೆ ಕಂಡದ್ದು ಬರೀ ಬೆನ್ನು, ಅವನು ಹಾಕಿಸಿದ್ದೂ ಆರರ ಲೆಕ್ಕಕ್ಕೇ ಹೋಯಿತು. ಮಧ್ಯಂತರದ ಹೊತ್ತಿಗೆ ತೀರ್ಪುಗಾರ ಕಂಡುಹಿಡಿದ. ಪಿ.ಟಿ. ಮೇಷ್ಟ್ರು ಓಡಿಹೋಗಿ ಸ್ಪ್ರಿಂಗನ ಬೆನ್ನಿಗೆ ಬಿಳಿ ಟೇಪು ಅಂಟಿಸಿ ಒಂಬತ್ತು ಮಾಡಿದರು. ಹಾಗೇ ನನ್ನ ಕಡೆ ತಿರುಗಿ, “ಏನಮ್ಮಾ, ಮುಂದಕ್ಕೊಂದು ಹಿಂದಕ್ಕೊಂದು ನಂಬರು ಕೊಟ್ಟಿದ್ದೀಯಲ್ಲ, ಇವನೇನು ಎರಡು ಕಡೆ ಸಂಬಳ ತಗೊಳ್ಳೋ ಹುಡುಗ ಅಂದ್ಕೊಂಡ್ಯಾ?” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬರೆದದ್ದನ್ನು ಮಾತ್ರ ಯಾರೂ ತಿದ್ದಲಿಲ್ಲ.

ನಾನು ಹೊಲಿಗೆ ಅಂಗಡಿಯಿಂದ ನೇರ ಬಂದಿದ್ದೆ, ಗುಂಡುಸೂಜಿಯ ಮೆತ್ತೆ ಮಣಿಕಟ್ಟಿನಲ್ಲೇ ಇತ್ತು. ನೀನು ಕೊಟ್ಟ ಚೆಂಡನ್ನು ಇನ್ನೊಬ್ಬ ಬುಟ್ಟಿಗೆ ಹಾಕಿದಾಗೆಲ್ಲ ಒಂದು ಸೂಜಿ ತೆಗೆದು ಸೆರಗಿಗೆ ಚುಚ್ಚುತ್ತಿದ್ದೆ. ಮನೆಗೆ ಬಂದು ಎಣಿಸಿದರೆ ಒಂಬತ್ತು. ಪಕ್ಕದಲ್ಲಿ ಕೂತಿದ್ದ ಸ್ಪ್ರಿಂಗನ ಅಜ್ಜಿಗೂ ಕೈತುಂಬ ಸೂಜಿ ಕೊಟ್ಟಿದ್ದೆ. ಮುದುಕಿ ಹನ್ನೊಂದು ಚುಚ್ಚಿಕೊಂಡು, “ನಂದೇ ಜಾಸ್ತಿ ನೋಡೇ” ಅಂತ ಸೆರಗು ಹರಡಿ ತೋರಿಸಿದರು. ಯಾರು ಎಷ್ಟು ಹಾಕಿಸಿದರು ಅಂತ ಬರೆಯುವ ಪುಸ್ತಕದಲ್ಲಿ ಇದ್ದದ್ದು ನಿನಗೆ ಹದಿನಾಲ್ಕು, ಅವನಿಗೆ ಆರು. ವಾರ ಕಳೆದು ಆಯ್ಕೆಗಾರರ ಕಾಗದ ಬಂತು. ಆ ಪುಸ್ತಕ ನೋಡಿ, ನಿಮ್ಮ ಶಾಲೆಯಿಂದ ಒಬ್ಬ ಗಾರ್ಡನ್ನು ಮಾತ್ರ ತರಬೇತಿ ಶಿಬಿರಕ್ಕೆ ಕರೆಯುತ್ತಿದ್ದೇವೆ ಅಂತ. ಆರನೇ ನಂಬರು. ಮೇಷ್ಟ್ರು ನಮ್ಮ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದರು. ನೀನು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದೆ. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ ಮಗಾ. ನೆಲಕ್ಕೆ ಇಳಿಸಿದ ಮೇಲೆ ಹೇಳೋಣ ಅಂದುಕೊಂಡೆ. ನೀನು ಇಳಿಸಿದೆ, ನಾನು ಹೇಳಲಿಲ್ಲ.

ಆಮೇಲಿನದೆಲ್ಲ ನಿನ್ನದೇ, ಅದರಲ್ಲಿ ಸಂಶಯವಿಲ್ಲ. ಶಿಬಿರದ ಹದಿನೈದು ದಿನ ನಿನಗಾಗಿ ಯಾರೂ ಆಡಲಿಲ್ಲ. ಕಿರಿಯರ ತಂಡದಲ್ಲಿ ಎರಡು ವರ್ಷ, ಒಂದು ಕೋಣೆಗೆ ಎಂಟು ಮಂಚ, ಒದ್ದೆ ಸಾಕ್ಸನ್ನು ಕಿಟಕಿಗೆ ಸಿಕ್ಕಿಸಿ ಮಲಗಿದವನು ನೀನು. ಎರಡನೇ ದರ್ಜೆಯ ತಂಡದಲ್ಲಿ ಬೆಂಚು ಬಿಸಿ ಮಾಡುತ್ತಾ ಕೂತವನೂ ನೀನೇ. ಆ ವರ್ಷ ನಿನ್ನ ಕಾಗದ ಬಂದಾಗೆಲ್ಲ ಒಂದೇ ಸಾಲು, ‘ಇವತ್ತು ಎರಡು ನಿಮಿಷ ಆಡಿದೆ ಅಮ್ಮಾ.’ ಈಗ ವೃತ್ತಿಪರ ತಂಡ ನಿನ್ನನ್ನು ತೆಗೆದುಕೊಂಡಿದೆ, ಶನಿವಾರ ಮೊದಲ ಆಟ. ಇಷ್ಟಿದ್ದೂ ಮೊದಲ ಬಾಗಿಲು ತೆಗೆದದ್ದು ಆ ಹದಿನಾಲ್ಕು. ಹನ್ನೊಂದರ ಎದುರಿಗೆ ಒಂಬತ್ತು ಅಂತ ಬರೆದಿದ್ದರೆ ತೆಗೆಯುತ್ತಿತ್ತಾ? ಯಂತ್ರದ ಚಕ್ರ ತಿರುಗಿದಾಗೆಲ್ಲ ನನಗೆ ಅದೇ ಕೇಳುತ್ತದೆ. ಸ್ಪ್ರಿಂಗ ಅದೇ ವರ್ಷ ಟೈರ್ ಅಂಗಡಿಗೆ ಸೇರಿದ. ಈಗಲೂ ಅಲ್ಲೇ. ಪ್ಯಾಂಟಿನ ಮಂಡಿ ಹರಿದಾಗೆಲ್ಲ ನನ್ನ ಹತ್ತಿರವೇ ತರುತ್ತಾನೆ. ನಾನು ತೇಪೆ ಹಾಕಿಕೊಡುತ್ತೇನೆ, ಮುಖ ಎತ್ತಿ ನೋಡುವುದಿಲ್ಲ. “ಏನಮ್ಮಾ, ನನ್ನ ಮೇಲೆ ಕೋಪಾನಾ?” ಅಂತ ಒಂದು ಸಲ ಕೇಳಿದ. ಕೋಪವಂತೆ! ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ನಿನ್ನೆ ಮತ್ತೆ ಬಂದಿದ್ದ. ನಿನ್ನ ತಂಡದವರು ಅಚ್ಚು ಹಾಕಿಸಿದ ಪರಿಚಯದ ಪುಸ್ತಿಕೆ ಅವನ ಕೈಯಲ್ಲಿತ್ತು. ನಿನ್ನ ಫೋಟೋದ ಕೆಳಗೆ ‘ಹೈಸ್ಕೂಲು ಫೈನಲ್‌ನಲ್ಲಿ ಹದಿನಾಲ್ಕು ಬುಟ್ಟಿಗೆ ದಾರಿ ಮಾಡಿಕೊಟ್ಟ ಹುಡುಗ’ ಅಂತ ಇತ್ತು. ಅದರ ಮೇಲೆ ಗ್ರೀಸು ಹತ್ತಿದ ಬೆರಳಿಟ್ಟು, “ಅಮ್ಮಾ, ಇದ್ರಲ್ಲಿ ಐದು ನಂದು ಕಣಮ್ಮಾ” ಅಂತ ನಕ್ಕ. ಅವನಿಗೆ ಆ ದಿನದಿಂದಲೂ ಗೊತ್ತಿತ್ತು! “ಮತ್ತೆ ನೀನ್ಯಾಕೋ ಸುಮ್ಮನಿದ್ದೆ?” ಅಂತ ಕೇಳಿದರೆ, “ಹೇಳಿದ್ರೆ ನಿಮ್ಮನ್ನ ಬೈತಿದ್ರು. ಅದೂ ಅಲ್ದೆ ಅವನು ಹೋಗಿ ಆಡಿದ್ನಲ್ಲ, ಸುಳ್ಳೇನು ಆಡಿಲ್ವಲ್ಲ” ಅಂದ. ಕತ್ತರಿ ತೆಗೆದು ಮುಚ್ಚಿ ಮಾಡುತ್ತಾ, “ಆದ್ರೂ ಒಂದೊಂದು ಸಲ ಅನ್ಸುತ್ತೆ” ಅಂದ. ಏನು ಅಂತ ಕೇಳುವ ಮುಖ ನನಗಿರಲಿಲ್ಲ. ಆಮೇಲೆ ಚೀಲದಿಂದ ಆ ಹಳೆಯ ಜೆರ್ಸಿ ತೆಗೆದು ಮೇಜಿನ ಮೇಲಿಟ್ಟ. ಟೇಪು ಹಳದಿಯಾಗಿ ಇನ್ನೂ ಅಂಟಿಕೊಂಡೇ ಇತ್ತು. “ಇದೊಂದು ಸರಿ ಮಾಡಿಕೊಡಿ” ಅಂದ.

ನೀನು ಶಿಬಿರಕ್ಕೆ ಹೊರಟ ದಿನ ಬಸ್ಸು ಹತ್ತುವ ಮುಂಚೆ ನಿನ್ನ ಒಳ್ಳೆಯ ಬೂಟು ಬಿಚ್ಚಿ ಸ್ಪ್ರಿಂಗನ ಕೈಗೆ ಕೊಟ್ಟು, ಚಪ್ಪಲಿಯಲ್ಲೇ ಹೋದೆ. ನಾನು ಆಗ ಸ್ನೇಹ ಅಂದುಕೊಂಡೆ. ಈಗ ಬೇರೆ ಏನೇನೋ ಅನ್ನಿಸುತ್ತಿದೆ. ನಿನಗೂ ಗೊತ್ತಿತ್ತಾ ಮಗಾ? ಮೂರು ಜನವೂ ಒಬ್ಬರಿಗೊಬ್ಬರು ಕಾಣದ ಹಾಗೆ ಇದನ್ನೇ ಹೊತ್ತುಕೊಂಡು ಓಡಾಡುತ್ತಿದ್ದೆವಾ? ಗೊತ್ತಿರಲಿಲ್ಲ ಅಂದರೆ, ಮೊದಲ ಆಟದ ವಾರದಲ್ಲಿ ಇದನ್ನು ಹೇಳಿ ನಿನ್ನ ಗಮನ ಕೆಡಿಸಿದೆನೇನೋ. ಈ ಕಾಗದವನ್ನು ಎರಡು ಸಲ ಮಡಚಿ ಗುಂಡಿಯ ಡಬ್ಬಿಗೆ ಹಾಕಿ ಮತ್ತೆ ತೆಗೆದಿದ್ದೇನೆ. ನನ್ನ ತಪ್ಪನ್ನು ನಿನ್ನ ಕೈಗೆ ದಾಟಿಸುತ್ತಿದ್ದೇನೆ, ಅದಕ್ಕೂ ನಾಚಿಕೆಯಾಗುತ್ತಿದೆ. ಬೈಯುವುದಿದ್ದರೆ ಆಟ ಮುಗಿದ ಮೇಲೆ ಬೈಯಿ.

ನಿಮ್ಮಪ್ಪ ನಿನಗೆ ಆಶೀರ್ವಾದ ಹೇಳಿದ್ದಾರೆ, ಬೂಟಿನ ಲೇಸು ಎರಡು ಗಂಟು ಹಾಕಬೇಕಂತೆ. ಕೋಚ್ ಅವರಿಗೆ ನನ್ನ ನಮಸ್ಕಾರ. ಮೈ ಕೈ ಗಟ್ಟಿಯಾಗಿರಲಿ, ಬಿದ್ದರೂ ಏಳುವ ಹಾಗೆ ಬೀಳು.

ಇಂತಿ,
ನಿನ್ನ ಅಮ್ಮ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಶನಿವಾರ ಸ್ಪ್ರಿಂಗ ನಿನ್ನ ಆಟಕ್ಕೆ ಬರುತ್ತಿದ್ದಾನೆ, ನನಗೆ ಅಂತ ನೀನು ಕಳಿಸಿದ ಪ್ರವೇಶದ ಚೀಟಿಯನ್ನು ಅವನಿಗೆ ಕೊಟ್ಟಿದ್ದೇನೆ. ಪುಸ್ತಿಕೆ ಬರೆಯುವವರಿಗೆ ನೀನೇ ಬಾಯಿಬಿಟ್ಟು ಹೇಳು, ಆ ದಿನ ನಿನ್ನದು ಒಂಬತ್ತು, ಅವನದು ಹನ್ನೊಂದು ಅಂತ. ಹೊಲಿದವಳ ತಪ್ಪು ಅಂತಲೂ ಹೇಳು. ಅವನು ಆ ಜೆರ್ಸಿಯನ್ನೇ ಹಾಕಿಕೊಂಡು ಬರುತ್ತಾನೆ. ಟೇಪು ಕಿತ್ತು, ಬೆನ್ನಿನ ಅಂಕಿ ಬಿಚ್ಚಿ, ತಿರುಗಿಸಿ ಹೊಲಿದಿದ್ದೇನೆ. ಮೂರು ಸಲ ನೋಡಿದೆ, ಆದರೂ ನನ್ನ ಕಣ್ಣನ್ನು ನಾನು ನಂಬುವುದಿಲ್ಲ. ಅವನು ಎದ್ದು ನಿಂತಾಗ, ಒಂಬತ್ತರ ತಲೆ ಮೇಲೇ ಇದೆಯಾ ಅಂತ ನೀನೊಂದು ಸಲ ನೋಡು.