ನನ್ನ ಗಂಡನನ್ನು ಆಚೆ ನಿಲ್ಲಿಸಿದ ನಿಮ್ಮ ಬಾಗಿಲು

ಹೆರಿಗೆ ಆಸ್ಪತ್ರೆಗಳ ಹೊಣೆ ಹೊತ್ತ ಆರೋಗ್ಯಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯ ಬಾಗಿಲಲ್ಲಿ ‘ಗಂಡಸರಿಗೆ ಪ್ರವೇಶವಿಲ್ಲ’ ಎಂಬ ಬೋರ್ಡಿದೆಯಲ್ಲ, ಅದನ್ನು ತೆಗೆಸಿ. ನನ್ನ ಮೊದಲ ಬಸಿರು, ಒಂದು ಅಂಡನಾಳ ಎರಡೂ ಹೋದದ್ದು ಆ ಬೋರ್ಡಿನ ದೆಸೆಯಿಂದ ಎಂದೇ ನನ್ನ ನಂಬಿಕೆ.

ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ನನ್ನ ಗಂಡ ಬಸವಪ್ರಭು ಎಂಥವರೆಂದು ಬರೆಯಹೊರಟರೆ ಈ ಪತ್ರ ಮುಗಿಯದು. ಕೊತ್ತಂಬರಿ ತರಲು ಗಾಂಧಿಬಜಾರಿಗೆ ಹೋಗಿ, ಮಲ್ಲಿಗೆ ಹಿಡಿದು ನಗುತ್ತಾ ಬರುವ ಮನುಷ್ಯ! ಮದುವೆಯಾದ ಹೊಸದರಲ್ಲೇ ನನಗೆ ಬಿಳಿಮುಟ್ಟು, ಉರಿ, ತುರಿಕೆ ಶುರುವಾಯಿತು. ಚಾಮರಾಜಪೇಟೆಯ ಮನೆಗೆ ಹತ್ತಿರವೆಂದು ನಿಮ್ಮಲ್ಲಿಗೇ ಬಂದೆವು. “ಸಾರ್, ನೀವು ಆಚೆ ನಿಂತ್ಕೊಳ್ಳಿ, ಒಳಗೆ ಲೇಡೀಸ್ ಇದಾರೆ” ಎಂದು ಕಾವಲುಗಾರ ಅವರನ್ನು ತಡೆದ. ಒಳಗೆ ಡಾಕ್ಟರು ಪರೀಕ್ಷೆ ಮಾಡಿಸಿ, ಇದು ಕಣ್ಣಿಗೆ ಕಾಣದ ಪರಾವಲಂಬಿಯ ಸೋಂಕು ಎಂದರು.

“ಹಸ್ಬೆಂಡ್ ಬಂದಿದಾರಾ? ಅವರಿಗೂ ಮಾತ್ರೆ ಕೊಡ್ಬೇಕು.”

“ಆಚೆ ನಿಂತಿದಾರೆ ಮೇಡಂ.”

“ಸರಿ, ಇನ್ನೊಂದ್ಸಲ ಕರ್ಕೊಂಡ್ಬನ್ನಿ. ನೆಕ್ಸ್ಟ್ ಯಾರಮ್ಮಾ?”

ಇನ್ನೊಂದು ಸಲ ಬಂದರೆ ಬಾಗಿಲು ಬೇರೆಯಾಗಿರುತ್ತಿತ್ತೇ, ಮಾನ್ಯರೇ? ಮನೆಯಲ್ಲಿ ಹೇಳಿದಾಗ ಇವರು ನಕ್ಕರು: “ನಂಗೇನೂ ಆಗೇ ಇಲ್ವಲ್ಲ ಚಿನ್ನ, ಮಾತ್ರೆ ಯಾಕೆ?” ಗಂಡಸಿನ ಮೈಯಲ್ಲಿ ಅದು ಸದ್ದಿಲ್ಲದೆ ಇರಬಲ್ಲದು. ಅದನ್ನು ಹೇಳಬೇಕಾದವರು ಒಳಗಿದ್ದರು, ಕೇಳಬೇಕಾದವರು ಹೊರಗಿದ್ದರು.

ಅಷ್ಟರಲ್ಲಿ ಆಷಾಢ. ಹೊಸ ಸೊಸೆ ಅತ್ತೆ ಮನೆಯಲ್ಲಿರಬಾರದೆಂದು ಮಲ್ಲೇಶ್ವರದ ತವರಿಗೆ ಹೋದೆ. ಮಾತ್ರೆ ನುಂಗಿದೆ, ವಾಸಿಯಾಯಿತು. ಶ್ರಾವಣ ಹುಟ್ಟಿದ್ದೇ ತಡ ಗಂಡನ ಬಳಿಗೆ ಓಡಿಬಂದೆ. ಕಾಯಿಲೆಯೂ ಮರಳಿ ಬಂತು. “ನಿಮ್ಮನೆ ನೀರು ಇವಳಿಗೆ ಒಗ್ಗಲ್ಲ ಅನ್ಸುತ್ತೆ” ಎಂದರು ಅಮ್ಮ. ಅತ್ತೆ ಬಿಡುತ್ತಾರೆಯೇ? “ಮಲ್ಲೇಶ್ವರಕ್ಕೇನು ಬೇರೆ ಕಾವೇರಿ ಹರೀತಾಳಾ, ಬೀಗಿತ್ತಿ?” ಕೊನೆಗೆ ಹೊಸ ವಾಟರ್ ಫಿಲ್ಟರ್ ಬಂತು. ನಾನೂ ಸುಮ್ಮನಾದೆ. ಅಷ್ಟು ಮುದ್ದಿನ ಗಂಡನನ್ನು ದೂರುವುದಕ್ಕಿಂತ ನೀರನ್ನು ದೂರುವುದೇ ಹಿತವಾಗಿತ್ತು.

ದೀಪಾವಳಿಗೆ ಮುಟ್ಟು ನಿಂತಿತ್ತು. ಕುಣಿದಾಡಿಬಿಟ್ಟೆ! ಹಬ್ಬ ಕಳೆದ ಮೇಲೆ ಹೊಟ್ಟೆಯ ಒಂದೇ ಪಕ್ಕ ಇರಿದಂತೆ ನೋವು, ತುಸು ರಕ್ತ, ಕಣ್ಣು ಕತ್ತಲೆ. ಬೇರೊಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರೆ, ಬಸಿರು ಗರ್ಭಕೋಶದಲ್ಲಿಲ್ಲ, ಅಂಡನಾಳದಲ್ಲಿ, ನಾಳ ಒಡೆದಿತ್ತು. ಅದನ್ನು ತೆಗೆದು ನನ್ನನ್ನು ಉಳಿಸಿದರು. ಶಾಲೆಯ ಬಯಾಲಜಿ ರೆಕಾರ್ಡಿನಲ್ಲಿ ಅದೇ ನಾಳಕ್ಕೆ ಗುಲಾಬಿ ಬಣ್ಣ ತುಂಬಿ ಟೀಚರ ‘ಗುಡ್’ ಗಿಟ್ಟಿಸಿದವಳು ನಾನು! ಅಲ್ಲಿನ ಡಾಕ್ಟರು ಇಬ್ಬರನ್ನೂ ಎದುರು ಕೂರಿಸಿಕೊಂಡು ಮಾತಾಡಿದರು. ನಾಳ ಕೆಡಲು ಮತ್ತೆ ಮತ್ತೆ ಬಂದ ಸೋಂಕೂ ಕಾರಣವಿರಬಹುದು, ಖಚಿತವಾಗಿ ಹೇಳಲಾಗದು, ಆದರೆ ಈ ಸೋಂಕು ಗಂಡು ಹೆಣ್ಣು ಕೂಡಿದಾಗ ಮೈಯಿಂದ ಮೈಗೆ ಬರುವಂಥದ್ದು ಎಂದರು. ಇವರು ತಲೆ ತಗ್ಗಿಸಿದರು. “ಮದ್ವೆಗೆ ಮುಂಚೆ… ಒಬ್ಳಿದ್ಲು.”

ನನಗೆ ಹೊಟ್ಟೆಕಿಚ್ಚು, ಮಾನ್ಯರೇ. ಮುಖವೇ ಕಾಣದ ಅವಳ ಮೇಲೆ, ಅವಳು ಕಂಡಿರಬಹುದಾದ ಇವರ ನಗುವಿನ ಮೇಲೆ. ಸೀಮಂತಕ್ಕೆ ಹಸಿರು ಬಳೆ ಆರಿಸುತ್ತಿರುವ ವಾರಗಿತ್ತಿ ಮಹಾನಂದಕ್ಕನ ಮೇಲೂ. “ಬಳೆ ಚೆನ್ನಾಗಿದ್ಯಾ ಶರಣ್ಯಾ?” ಎಂದು ಪಾಪ, ಪ್ರೀತಿಯಿಂದಲೇ ಕೇಳುತ್ತಾರೆ. “ಸೂಪರ್ ಅಕ್ಕಾ” ಎಂದು ಬಚ್ಚಲಿಗೆ ಹೋಗಿ ಅಳುತ್ತೇನೆ. ನಿಮ್ಮ ಗೇಟಿನ ಮರದಡಿ ಹೆಂಡತಿಯ ವ್ಯಾನಿಟಿ ಬ್ಯಾಗ್ ಹಿಡಿದು, ಏನೂ ತಿಳಿಯದೆ ಕಡಲೆಕಾಯಿ ತಿನ್ನುವ ಗಂಡಸರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತದೆ. ಎಂಥ ಸುಖದ ಅಜ್ಞಾನ! ಅದನ್ನು ಅವರಿಗೆ ಬೋರ್ಡು ಬರೆಸಿ ದಯಪಾಲಿಸಿದ್ದೀರಿ.

ಹೆಂಗಸರ ಮಾನದ ಪ್ರಶ್ನೆ ಎನ್ನುವಿರಾ? ಹಾಗಾದರೆ ಪರದೆ ಹಾಕಿಸಿ. ಡಾಕ್ಟರ ಎದುರು ಗಂಡನಿಗೂ ಒಂದು ಕುರ್ಚಿ ಇಡಿಸಿ, ಇಬ್ಬರಿಗೂ ಒಟ್ಟಿಗೇ ಮಾತ್ರೆ ಕೊಡಿಸಿ. ಮುಟ್ಟು ನಿಂತವಳಿಗೆ ಒಂದು ಪಕ್ಕ ನೋವು ಬಂದರೆ ತಡಮಾಡದೆ ಬರಬೇಕೆಂದು ಆ ಬೋರ್ಡಿನ ಜಾಗದಲ್ಲಿ ಬರೆಸಿ. ಈಗ ನಾವಿಬ್ಬರೂ ಮಾತ್ರೆ ಮುಗಿಸಿದ್ದೇವೆ. ನನಗೆ ಉಳಿದಿರುವುದು ಒಂದೇ ನಾಳ. ಮತ್ತೆ ಬಸಿರಾಗಿ ನಿಮ್ಮಲ್ಲಿಗೆ ಬಂದಾಗ ಇವರು ನನ್ನ ಪಕ್ಕದಲ್ಲೇ ಕೂರಬೇಕು, ಅಂದು ನಾವು ಮಾತು ಬಿಟ್ಟಿದ್ದರೂ.

ಇಂತಿ,
ಅವಳ ಹೆಸರು ಕೇಳಲೂ ಆಗದೆ, ಕೇಳದಿರಲೂ ಆಗದೆ,
ಶರಣ್ಯ ಬಸವಪ್ರಭು
ಚಾಮರಾಜಪೇಟೆ