ಖಾಲಿ ಡ್ರಮ್ಮಿಗೆ ಬೊಗಳಿದ ನಾಯಿ

ಶೋಧ ಮತ್ತು ರಕ್ಷಣಾ ಶ್ವಾನದಳದ ನಿರ್ದೇಶಕರಿಗೆ

ಮಾನ್ಯರೇ,

ನಿಮ್ಮ ಕಚೇರಿಯಿಂದ ಬಂದ ಹೇಳಿಕೆ ಪತ್ರಕ್ಕೆ ನಾನು ಸಹಿ ಹಾಕುವುದಿಲ್ಲ. ಸಹಿ ಎಲ್ಲಿ ಹಾಕಬೇಕೆಂದು ಪೆನ್ಸಿಲಿನಲ್ಲಿ ಪುಟ್ಟ ಗುರುತು ಮಾಡಿ ಕಳುಹಿಸಿದ್ದೀರಿ, ಆ ಉಪಕಾರಕ್ಕೆ ಧನ್ಯವಾದ. ನನ್ನ ದುಃಖವನ್ನೂ ನನ್ನ ಪರವಾಗಿ ನೀವೇ ಟೈಪ್ ಮಾಡಿಸಿದ್ದೀರಿ. ‘ಹ್ಯಾಂಡ್ಲರ್‌ನ ಬೇಜವಾಬ್ದಾರಿ ಹಾಗೂ ಶ್ವಾನದ ಅಸಮರ್ಥತೆಯಿಂದಾಗಿ ನನ್ನ ಸಹೋದರಿ ಮೃತಪಟ್ಟಿರುತ್ತಾಳೆಂದು ಈ ಮೂಲಕ ದೃಢೀಕರಿಸುತ್ತೇನೆ’ ಎಂಬ ವಾಕ್ಯ ಅದರಲ್ಲಿದೆ. ಸತ್ತವಳು ನನ್ನ ಅಕ್ಕ ಅನ್ನುವುದೊಂದು ಬಿಟ್ಟರೆ ಆ ವಾಕ್ಯದಲ್ಲಿ ನಿಜ ಇಲ್ಲ. ನಾನು ಸಹಿ ಹಾಕಿದರೆ ನಾಯಿಯನ್ನು ನಡೆಸುವ ಹ್ಯಾಂಡ್ಲರ್ ಕೆಲಸ ಕಳೆದುಕೊಳ್ಳುತ್ತಾಳೆ, ನಾಯಿಯನ್ನು ದಳದಿಂದ ಹೊರಗೆ ಹಾಕುತ್ತೀರಿ, ಕಡತ ಮುಚ್ಚುತ್ತೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದೆ. ಬರೆ ಹಾಕುವಾಗ ಎಮ್ಮೆಯನ್ನು ಹಿಡಿದುಕೋ ಎಂದು ಸತ್ತವಳ ತಮ್ಮನನ್ನೇ ಕರೆಯುವುದನ್ನು ನಿಮ್ಮಿಂದ ಕಲಿತೆ.

ಈ ಪತ್ರ ಓದುವ ಉಳಿದವರಿಗೆ ನನ್ನ ಕೆಲಸ ಏನೆಂದು ಹೇಳಬೇಕು. ದಾಖಲೆಯಲ್ಲಿ ನಾನು ‘ತರಬೇತಿ ಸಹಾಯಕ’. ತರಬೇತಿಯ ಅಂಗಳದಲ್ಲಿ ಎಲ್ಲರೂ ಕರೆಯುವುದು ಡ್ರಮ್ಮಣ್ಣ ಅಂತ. ಕೆಡವಿದ ಕಟ್ಟಡಗಳಿಂದ ತಂದು ಸುರಿದ ಕಾಂಕ್ರೀಟ್ ಚಪ್ಪಡಿ, ಚರಂಡಿಯ ಕೊಳವೆ, ತುಕ್ಕು ಹಿಡಿದ ಕಬ್ಬಿಣದ ಡ್ರಮ್ಮು, ಇವುಗಳ ನಡುವೆ ಎಲ್ಲಾದರೊಂದು ಕಡೆ ನಾನು ಹೋಗಿ ಮುದುಡಿಕೊಳ್ಳಬೇಕು. ಮೇಲೆ ಹಲಗೆ ಮುಚ್ಚಿ, ಹಲಗೆಯ ಮೇಲೆ ಇಟ್ಟಿಗೆ ಚೂರು ಹರಡುತ್ತಾರೆ. ನಾಯಿ ಹುಡುಕಿಕೊಂಡು ಬಂದು ಬೊಗಳಬೇಕು. ಬೊಗಳಿದ ಕೂಡಲೇ ನಾನು ಎದ್ದು, ಗಂಟು ಹಾಕಿದ ಹಗ್ಗದ ತುಂಡೊಂದನ್ನು ಅದರ ಬಾಯಿಗೆ ಕೊಟ್ಟು ಎಳೆದಾಡಬೇಕು. ನಾಯಿಗೆ ಅದೇ ಬಹುಮಾನ. ಜನರೆಲ್ಲ ನಾಲ್ಕು ಜನರ ಕಣ್ಣಿಗೆ ಬೀಳಲು ಒದ್ದಾಡುವ ಕಾಲದಲ್ಲಿ ಕಾಣದಂತಿರುವುದೇ ನನ್ನ ಕಸುಬು. ಅಕ್ಕ ನಗುತ್ತಿದ್ದಳು. “ಚಿಕ್ಕೋನಿದ್ದಾಗ ಕಣ್ಣಾಮುಚ್ಚಾಲೆ ಆಡಿದ್ರೆ ಮೊದಲು ಸಿಕ್ಕಿಬೀಳ್ತಿದ್ದೋನು ನೀನೇ. ಆ ದಡ್ಡತನಾನೇ ಈಗ ಕೆಲಸ ಆಯ್ತು ನೋಡು,” ಅನ್ನುತ್ತಿದ್ದಳು.

ಒಂಬತ್ತು ವರ್ಷದ ಹಿಂದೆ ನಾನು ಸೇರಿದಾಗ ನೀವಿನ್ನೂ ನಿರ್ದೇಶಕರಾಗಿರಲಿಲ್ಲ, ಬೋಧಕರಾಗಿದ್ದಿರಿ. ಪ್ಯಾಂಟಿನ ಮೊಣಕಾಲಿಗೆ ಮಣ್ಣು ಹತ್ತಿಸಿಕೊಂಡು ನಮ್ಮ ಜೊತೆ ನೆಲದ ಮೇಲೆ ಕೂರುತ್ತಿದ್ದಿರಿ. ಮೊದಲ ದಿನವೇ ಒಂದು ನಿಯಮ ಹೇಳಿಕೊಟ್ಟಿರಿ. “ನೀನು ಎಲ್ಲಿ ಅಡಗಿದ್ದೀಯ ಅಂತ ಹ್ಯಾಂಡ್ಲರ್‌ಗೆ ಗೊತ್ತಾಗಬಾರದು. ಗೊತ್ತಾದ್ರೆ ಬಾಯಿ ಮುಚ್ಕೊಂಡಿದ್ರೂ ಮೈ ಹೇಳ್ಬಿಡುತ್ತೆ. ಜಾಗ ಹತ್ರ ಬಂದ ಹಾಗೆ ನಡಿಗೆ ನಿಧಾನ ಆಗುತ್ತೆ, ಉಸಿರು ಬಿಗಿಯಾಗುತ್ತೆ. ನಾಯಿ ಅದನ್ನ ಓದ್ಕೊಳ್ಳುತ್ತೆ. ಮುಖ ನೋಡೋದೇ ಸುಲಭ ಅಂತ ಒಂದ್ಸಲ ಅದಕ್ಕೆ ಗೊತ್ತಾಯ್ತೋ, ಆಮೇಲೆ ಮೂಗಿಗೆ ಯಾಕೆ ಕೆಲಸ ಕೊಡುತ್ತೆ?” ಅಂದಿರಿ. ಅಡಗುವ ಜಾಗವನ್ನು ಚೀಟಿ ಎತ್ತಿ ಆರಿಸುತ್ತಿದ್ದೆವು. ಆ ಚೀಟಿ ಹುಡುಕಾಟ ಮುಗಿಯುವವರೆಗೂ ನಿಮ್ಮ ಜೇಬಿನಲ್ಲಿರುತ್ತಿತ್ತು. ನಾನು ನಿಮ್ಮನ್ನು ಗುರು ಎಂದುಕೊಂಡಿದ್ದೆ, ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಡ್ರಮ್ಮಿನೊಳಗೆ ಕೂತವನಿಗೆ ಕಣ್ಣಿನ ಕೆಲಸ ಇರುವುದಿಲ್ಲ, ಕಿವಿಯೊಂದೇ. ಆ ದಿನಗಳಲ್ಲಿ ನಾಯಿಯ ಪಂಜದ ಸದ್ದು ದೂರದಲ್ಲಿ ಅಲೆಯುತ್ತಿತ್ತು, ಹತ್ತಿರ ಬರುತ್ತಿತ್ತು, ತಪ್ಪಿ ಆಚೆ ಹೋಗುತ್ತಿತ್ತು, ಗಾಳಿ ತಿರುಗಿದಾಗ ತಾನೂ ತಿರುಗಿ ಬರುತ್ತಿತ್ತು. ಹಲಗೆಯ ಸಂದಿಗೆ ಮೂಗು ಒತ್ತಿ ಒಮ್ಮೆ ದೀರ್ಘವಾಗಿ ಎಳೆದುಕೊಳ್ಳುತ್ತಿತ್ತು. ಆಮೇಲೆ ಬೊಗಳು. ಎಷ್ಟೋ ಹೊತ್ತಿನ ನಂತರ ಹ್ಯಾಂಡ್ಲರ್‌ನ ಬೂಟುಗಳು ಏದುಸಿರು ಬಿಡುತ್ತ ಹಿಂದಿನಿಂದ ಬರುತ್ತಿದ್ದವು. ಸಾಸಿವೆ ಎಂಬ ನಾಯಿಯೂ ಹೀಗೆಯೇ ಕಲಿತದ್ದು. ಅಂಗೈಯಗಲದ ಮರಿಗೆ ಆ ಹೆಸರಿಟ್ಟವಳು ಅದರ ಹ್ಯಾಂಡ್ಲರ್. ಆರು ವರ್ಷದಿಂದ ನನ್ನನ್ನು ಅಣ್ಣ ಅನ್ನುತ್ತಾಳೆ, ನೀವು ಈಗ ಅಮಾನತು ಮಾಡಿರುವುದು ಅವಳನ್ನೇ.

ಆಮೇಲೆ ನೀವು ನಿರ್ದೇಶಕರಾದಿರಿ, ಅತಿಥಿಗಳು ಬರತೊಡಗಿದರು. ಅಂಗಳದ ಅಂಚಿಗೆ ಬಿಳಿ ಕುರ್ಚಿ ಬಂದವು, ಕುರ್ಚಿಯ ಮೇಲೆ ಶಾಮಿಯಾನ ಬಂತು. ಸರಿಯಾದ ಹುಡುಕಾಟಕ್ಕೆ ಅರ್ಧ ಗಂಟೆ ಬೇಕು. ಗಾಳಿ ಹಟ ಮಾಡಿದರೆ ಒಂದು ಗಂಟೆಯೂ ಬೇಕು. ಕುರ್ಚಿಯಲ್ಲಿ ಕೂತವರಿಗೆ ಅಷ್ಟು ಹೊತ್ತು ನಾಯಿಯನ್ನು ನೋಡುವ ತಾಳ್ಮೆ ಎಲ್ಲಿಂದ ಬರಬೇಕು? ಅವರು ಫೋನು ನೋಡತೊಡಗಿದರು, ನೀವು ಅವರ ಮುಖ ನೋಡತೊಡಗಿದಿರಿ. ಒಂದು ದಿನ ಬಂದು ಹೇಳಿದಿರಿ: “ಇನ್ಮೇಲೆ ಮೂರೇ ನಿಮಿಷ. ಮೂರನೇ ಡ್ರಮ್ಮು. ಹ್ಯಾಂಡ್ಲರ್‌ಗೂ ಹೇಳಿಬಿಡಿ.” ಚೀಟಿಯ ವಿಷಯ ನಾನೇ ಎತ್ತಿದೆ. “ಅತಿಥಿಗಳು ಬಂದಾಗ ಮಾತ್ರ ಕಣಯ್ಯಾ, ನಾನಿದ್ದೀನಲ್ಲ,” ಎಂದು ಹೆಗಲ ಮೇಲೆ ಕೈಯಿಟ್ಟಿರಿ. ನೀವಿದ್ದೀರಿ ಅನ್ನುವ ಧೈರ್ಯದ ಮೇಲೆ ನಾನು ಮೂರನೇ ಡ್ರಮ್ಮಿಗೆ ಇಳಿದೆ.

ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದ ಅತಿಥಿಗಳು ವಾರಕ್ಕೆ ಮೂರು ಸಲ ಬಂದರು. ಉಳಿದ ದಿನ ಅಂಗಳ ಗುಡಿಸಬೇಕು, ಡ್ರಮ್ಮಿಗೆ ಬಣ್ಣ ಬಳಿಯಬೇಕು. ನಿಜವಾದ ಅಭ್ಯಾಸ ಯಾವಾಗ ನಿಂತುಹೋಯಿತು ಅಂತ ಯಾರಿಗೂ ನೆನಪಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಡ್ರಮ್ಮಿನೊಳಗೆ ಕೇಳುವ ಸದ್ದೇ ಬೇರೆಯಾಗಿತ್ತು. ನಾಯಿ ಅಲೆಯುತ್ತಿರಲಿಲ್ಲ, ಹಲಗೆಯ ಸಂದಿಗೆ ಮೂಗನ್ನೂ ಒತ್ತುತ್ತಿರಲಿಲ್ಲ. ಪಂಜವೂ ಬೂಟೂ ಒಟ್ಟಿಗೇ ಬರುತ್ತಿದ್ದವು. ಮೊದಲು ಬೂಟು ನಿಲ್ಲುತ್ತಿತ್ತು. ಆಮೇಲೆ ನಾಯಿ ಬೊಗಳುತ್ತಿತ್ತು. ಇದು ಹೊರಗೆ ನಿಂತವರಿಗೆ ಗೊತ್ತಾಗುವ ವಿಷಯವಲ್ಲ. ಅವರು ಚಪ್ಪಾಳೆ ತಟ್ಟುತ್ತಿದ್ದರು.

ಒಂದು ದಿನ ಯಾರಿಗೂ ಹೇಳದೆ ನಾನು ಮೂರನೆಯದು ಬಿಟ್ಟು ಐದನೇ ಡ್ರಮ್ಮಿನಲ್ಲಿ ಕೂತೆ. ಅವತ್ತು ಗಾಳಿ ನನ್ನ ಕಡೆಯಿಂದ ನೇರವಾಗಿ ನಾಯಿಯ ಕಡೆಗೆ ಬೀಸುತ್ತಿತ್ತು. ಕುರುಡು ಮರಿಯೂ ನನ್ನನ್ನು ಹಿಡಿಯಬೇಕಿತ್ತು. ಸಾಸಿವೆ ಮೂರನೇ ಡ್ರಮ್ಮಿನ ಮುಂದೆ ನಿಂತು ಜೋರಾಗಿ ಬೊಗಳಿತು. ಹಲಗೆ ತೆಗೆದರೆ ಒಳಗೆ ಏನಿದೆ? ಹೊಸ ಬಣ್ಣದ ವಾಸನೆ. ಹ್ಯಾಂಡ್ಲರ್ ನಾನಿದ್ದ ಐದನೇ ಡ್ರಮ್ಮಿನ ಹತ್ತಿರ ಬಂದಳು. “ಅಣ್ಣಾ, ಇವಳು ನಿಮ್ಮನ್ನ ಹುಡುಕ್ತಾ ಇಲ್ಲ. ನನ್ನನ್ನ ನೋಡ್ತಾ ಇದ್ದಾಳೆ,” ಅಂದಳು. ಸಂಜೆಯೇ ಅವಳು ಟಿಪ್ಪಣಿ ಬರೆದಳು: ಪ್ರದರ್ಶನ ನಿಲ್ಲಿಸಿ, ಮೂರು ತಿಂಗಳು ಚೀಟಿಯ ಅಭ್ಯಾಸ ಕೊಡಿ, ನಾಯಿಯ ಮೂಗು ಮತ್ತೆ ಕೆಲಸಕ್ಕೆ ಬರುತ್ತದೆ, ಅಲ್ಲಿಯವರೆಗೆ ಇವಳನ್ನು ಅವಘಡದ ಸ್ಥಳಕ್ಕೆ ಕಳಿಸಬೇಡಿ. ಆ ಟಿಪ್ಪಣಿಯನ್ನು ನಿಮ್ಮ ಮೇಜಿನ ಮೇಲಿಟ್ಟದ್ದು ನಾವಿಬ್ಬರೂ ಸೇರಿ. ನೀವು ಓದಿದಿರಿ, ಕನ್ನಡಕ ತೆಗೆದಿರಿ, ನನ್ನ ಕಡೆ ತಿರುಗಿದಿರಿ. “ಹೇಳಿದ ಜಾಗದಲ್ಲಿ ನೀನು ಕೂತಿದ್ದಿದ್ರೆ ನಾಯಿ ಸರಿಯಾಗೇ ಇತ್ತಲ್ಲಯ್ಯಾ.”

ನಾನು ಇವತ್ತಿಗೂ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡುತ್ತೇನೆ. ಕಟ್ಟಡ ಕುಸಿಯುವಾಗ ಜನ ನೀವು ಹೇಳಿದ ಜಾಗದಲ್ಲೇ ಕೂತಿರಬೇಕೇ? ಹಾಗೊಂದು ಸುತ್ತೋಲೆ ಹೊರಡಿಸಿದ್ದರೆ ನನ್ನ ಅಕ್ಕನಿಗೂ ತಲುಪಿಸುತ್ತಿದ್ದೆನಲ್ಲ?

ಅದಾದ ನಾಲ್ಕು ತಿಂಗಳಿಗೆ ಅಕ್ಕ ಕೆಲಸ ಮಾಡುತ್ತಿದ್ದ ಲಾಂಡ್ರಿಯ ಕಟ್ಟಡ ಕುಸಿಯಿತು. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿ ಕಳಿಸುವ ಜಾಗ ಅದು. ಮಧ್ಯಾಹ್ನ ಊಟದ ಹೊತ್ತಾದ್ದರಿಂದ ಹದಿನೇಳು ಜನರಲ್ಲಿ ಹದಿನಾರು ಜನ ಹೊರಗಿದ್ದರು. ಹೊರಗೆ ಇಲ್ಲದವಳು ಅಕ್ಕ ಒಬ್ಬಳೇ. ಮುಂದಿನ ಹಾಲಿನಲ್ಲಿ ಇಸ್ತ್ರಿ ಮೇಜಿನ ಹತ್ತಿರ ಇದ್ದಳು ಎಂದು ಮೇಲ್ವಿಚಾರಕ ಹೇಳಿದ. ನೀವು ನಕ್ಷೆಯ ಮೇಲೆ ಬೆರಳಿಟ್ಟು ಹ್ಯಾಂಡ್ಲರ್‌ಗೆ ತೋರಿಸಿದಿರಿ: “ಇಲ್ಲೇ ಇದ್ದಾಳೆ. ನಾಯಿ ಕೈಲಿ ಖಾತ್ರಿ ಮಾಡಿಸು ಸಾಕು, ಅಗೆಯೋಕೆ ಶುರು ಮಾಡ್ತೀವಿ.” ಈ ನಾಯಿಯನ್ನು ತರಬಾರದಿತ್ತು ಸರ್ ಎಂದು ಅವಳು ಹೇಳಿದ್ದನ್ನು ನಾನು ಪಕ್ಕದಲ್ಲಿ ನಿಂತು ಕೇಳಿದ್ದೇನೆ. ನಿಮಗೆ ಕೇಳಿಸಿರಲಿಕ್ಕಿಲ್ಲ, ಅಷ್ಟು ಹೊತ್ತಿಗೆ ಕ್ಯಾಮೆರಾದವರು ಬಂದಿದ್ದರು.

ಸಾಸಿವೆಯನ್ನು ಬಿಟ್ಟರು. ಅದು ಮುಂದಿನ ಹಾಲಿಗೆ ಹೋಗಲಿಲ್ಲ. ಅವಶೇಷದ ಮೇಲೆ ಹತ್ತಿ, ಹಿಂಭಾಗದ ಮೆಟ್ಟಿಲು ಇದ್ದ ಕಡೆಗೆ ಓಡಿತು. ಅಲ್ಲಿ ನಿಂತು ತಿರುಗಿ ಹ್ಯಾಂಡ್ಲರ್‌ನ ಮುಖ ನೋಡಿತು. ಅವಳು ಮುಂದಿನ ಹಾಲಿನ ಹತ್ತಿರವೇ ಇದ್ದಳು, ನೀವು ತೋರಿಸಿದ ಜಾಗದ ಹತ್ತಿರ. ನಾಯಿ ವಾಪಸು ಬಂತು. ಮತ್ತೆ ಹಿಂದಕ್ಕೆ ಓಡಿತು, ಮತ್ತೆ ನಿಂತು ನೋಡಿತು, ಮತ್ತೆ ಬಂತು. ನೀವು ಬೆರಳಿಟ್ಟು ತೋರಿಸಿದ ಜಾಗದಲ್ಲೇ ಅವಳ ಕಾಲು ನಿಂತಿತು. ನಾಯಿ ಬೊಗಳಿತು. ಮೊದಲು ಬೂಟು, ಆಮೇಲೆ ನಾಯಿ. ಅಲ್ಲಿದ್ದ ನೂರು ಜನರಲ್ಲಿ ಅದು ಗೊತ್ತಾಗಬೇಕಾಗಿದ್ದದ್ದು ನನಗೆ. ಗೊತ್ತೂ ಆಯಿತು. ಆದರೂ ಬಾಯಿ ಬಿಡಲಿಲ್ಲ. ಅಕ್ಕ ಸಿಕ್ಕಳು ಅನ್ನುವುದನ್ನು ನಂಬಬೇಕು ಅಂತ ನನಗೆ ಅಷ್ಟು ಆಸೆಯಾಗಿತ್ತು. ನಾನೂ ಉಳಿದವರ ಜೊತೆ ಕೈಯಿಂದಲೇ ಇಟ್ಟಿಗೆ ಎತ್ತತೊಡಗಿದೆ.

ಒಂಬತ್ತು ಗಂಟೆ ಅಗೆದೆವು. ಸಿಕ್ಕಿದ್ದು ಒಗೆಯದ ಬಟ್ಟೆಯ ಗಂಟುಗಳು. ಮರುದಿನ ಬೆಳಿಗ್ಗೆ ಯಂತ್ರದವರು ಹಿಂಭಾಗ ತೆರವು ಮಾಡುವಾಗ ಮೆಟ್ಟಿಲ ಕೆಳಗೆ ಅಕ್ಕ ಸಿಕ್ಕಳು. ಒಗೆದ ಬಟ್ಟೆ ತರಲು ಹೋಗಿದ್ದಳು, ಕೈಯಲ್ಲಿ ಹಾಸಿಗೆ ಬಟ್ಟೆ ಇತ್ತು. ಮೈಮೇಲೆ ದೊಡ್ಡ ಗಾಯವಿರಲಿಲ್ಲ. ಪ್ರಾಣ ಹೋಗಿ ಎರಡು ಮೂರು ಗಂಟೆ ಆಗಿರಬಹುದು ಅಂದರು ವೈದ್ಯರು.

ಹ್ಯಾಂಡ್ಲರ್ ಮನೆಗೆ ಬಂದಳು. ಹೊಸ್ತಿಲು ದಾಟಲಿಲ್ಲ. “ಅಣ್ಣಾ, ನನ್ನ ಕಾಲು ನಿಂತುಬಿಡ್ತು. ನಾನು ನಿಲ್ಲಿಸಲಿಲ್ಲ, ಅದೇ ನಿಂತುಬಿಡ್ತು,” ಎಂದು ಅಷ್ಟನ್ನೇ ಹೇಳಿದಳು. ಅಕ್ಕನ ಮಗಳು ಒಳಗಿಂದ ಎದ್ದು ಬಂದು ಅವಳನ್ನು ಕೈ ಹಿಡಿದು ಕೂರಿಸಿದಳು. ಹ್ಯಾಂಡ್ಲರ್ ಹೋದ ಮೇಲೆ ಅಕ್ಕನ ಮಗಳು ನನ್ನನ್ನು ಕೇಳಿದಳು: “ಮಾವ, ನಿಜ ಹೇಳು. ನಾಯಿಗೆ ಅಮ್ಮ ಗೊತ್ತಾಗಿದ್ಳಾ?” ಗೊತ್ತಾಗಿದ್ದಳು ಎಂದೆ. ಎರಡು ಸಲ. ನಿಮ್ಮ ಗುಮಾಸ್ತರು ಹೇಳಿಕೆ ಪತ್ರ ಹಿಡಿದು ಬಂದದ್ದು ಅದರ ಮರುದಿನ. ಪಾಪ, ಅವರ ತಪ್ಪೇನಿಲ್ಲ, ನೀರು ಕೊಟ್ಟು ಕಳಿಸಿದೆವು.

ನಿಮ್ಮ ವರದಿಯನ್ನೂ ಓದಿದೆ. ‘ಶ್ವಾನವು ತಂಡವನ್ನು ದಾರಿ ತಪ್ಪಿಸಿತು’ ಎಂದು ಬರೆದಿದ್ದೀರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳಾದರೂ ನೆಲವನ್ನು ತಾನೇ ಡೊಂಕು ಮಾಡಿರಲಿಲ್ಲ. ದಾರಿ ತಪ್ಪಿದವರು ಯಾರು, ತಪ್ಪಿಸಿದವರು ಯಾರು? ಮೂಗನ್ನು ನಂಬು ಎಂದು ಮರಿಗೆ ಕಲಿಸಿದವರು ನಾವು. ಮೂಗು ಬೇಡ, ನಮ್ಮ ಮುಖ ನೋಡು ಎಂದು ಎರಡು ವರ್ಷ ಹಗ್ಗ ಎಳೆದಾಡಿ ಕಲಿಸಿದವರೂ ನಾವೇ. ಅದು ಕಲಿತದ್ದನ್ನು ಚಾಚೂ ತಪ್ಪದೆ ಮಾಡಿತು. ಈಗ ಅದನ್ನು ಗೂಡಿನಲ್ಲಿ ಕೂಡಿಹಾಕಿದ್ದೀರಿ. ನಾನು ಹೋದರೆ ಬಾಲ ಅಲ್ಲಾಡಿಸುವ ಮೊದಲು ನನ್ನ ಮುಖ ನೋಡುತ್ತದೆ. ಏನು ಮಾಡಬೇಕು ಅಂತ ಕೇಳುವ ಹಾಗೆ. ಮೂರನೇ ಡ್ರಮ್ಮಿಗೆ ಇಳಿದವನು ನಾನು, ಬಾಯಿಗೆ ಬೀಗ ಹಾಕಿಕೊಂಡವನು ನಾನು. ನನ್ನ ಪಾಲಿನ ತಪ್ಪನ್ನು ಯಾವ ಕಾಗದದಲ್ಲಿ ಬೇಕಾದರೂ ಬರೆದು ಸಹಿ ಹಾಕಿಕೊಡುತ್ತೇನೆ. ನಿಮ್ಮ ಪಾಲನ್ನು ಹ್ಯಾಂಡ್ಲರ್‌ನ ತಲೆಗೆ ಕಟ್ಟಲು ನನ್ನ ಅಕ್ಕನ ಹೆಸರು ಸಿಗುವುದಿಲ್ಲ.

ನಾನು ಕೇಳುವುದು ಇಷ್ಟು. ಅವಳು ಬರೆದ ಟಿಪ್ಪಣಿ ನಿಮ್ಮ ಕಡತದಲ್ಲಿದೆ, ವರದಿಯಲ್ಲಿ ಇಲ್ಲ. ಅದನ್ನು ವರದಿಗೆ ಸೇರಿಸಿ. ಅವಳನ್ನು ಕೆಲಸಕ್ಕೆ ಕರೆಸಿ, ನಾಯಿಯನ್ನು ಅವಳ ಕೈಗೆ ಕೊಡಿ, ಅವಳು ಕೇಳಿದ ಮೂರು ತಿಂಗಳು ಕೊಡಿ. ಮುಂದಿನ ತಿಂಗಳು ಹನ್ನೊಂದು ಹೊಸ ಮರಿಗಳು ಬರುತ್ತವೆಯಂತೆ. ಅವು ಬರುವ ಮೊದಲು ಬಿಳಿ ಕುರ್ಚಿಗಳನ್ನು ಅಂಗಳದಿಂದ ತೆಗೆಸಿ.

ಇದಾವುದೂ ಆಗದು ಎಂದಾದರೆ ಒಂದೇ ಒಂದು ದಿನ ನೀವೇ ಅಡಗಿ. ಜಾಗ ನೀವೇ ಆರಿಸಿಕೊಳ್ಳಿ, ಯಾರಿಗೂ ಹೇಳಬೇಡಿ. ಹುಡುಕಲು ಎರಡು ವರ್ಷ ಅತಿಥಿಗಳಿಗೆ ತೋರಿಸಿದ ನಾಯಿಗಳಲ್ಲಿ ಯಾವುದನ್ನಾದರೂ ಬಿಡಿ. ಹಲಗೆ ಮುಚ್ಚಿದ ಮೇಲೆ ಸ್ವಲ್ಪ ಹೊತ್ತು ನಿಮ್ಮ ಉಸಿರೇ ನಿಮಗೆ ಕೇಳುತ್ತದೆ. ಆಮೇಲೆ ಪಂಜದ ಸದ್ದು ಬರುತ್ತದೆ. ತಲೆಯ ಮೇಲೆಯೇ ಬಂದು ನಿಲ್ಲುತ್ತದೆ. ಸಿಕ್ಕಿಬಿಟ್ಟೆ ಅಂದುಕೊಳ್ಳುತ್ತೀರಿ. ಅದು ದೂರ ಹೋಗುತ್ತದೆ. ಮತ್ತೊಮ್ಮೆ ಬರುತ್ತದೆ, ಮತ್ತೊಮ್ಮೆ ಹೋಗುತ್ತದೆ. ನನ್ನ ಅಕ್ಕನಿಗೆ ಕೇಳಿಸಿದ್ದು ಇಷ್ಟೇ.

ಇಂತಿ,
ನಾಯಿಗಳಿಗೆ ಒಂಬತ್ತು ವರ್ಷ ತಪ್ಪದೆ ಸಿಕ್ಕ,
ಅಕ್ಕನ ಕಷ್ಟಕ್ಕೆ ಒದಗದ ತಮ್ಮ