ಅಣ್ಣನ ಪಕ್ಕದಲ್ಲಿ ನೀನು

ಗೆಳೆಯಾ,

ಇದನ್ನು ನಿನಗೆ ಕಳಿಸುವುದಿಲ್ಲ. ಆದರೂ ಇವತ್ತು ನಡೆದದ್ದನ್ನು ಇನ್ನಾರಿಗೆ ಹೇಳಲಿ? ಡಿಪೋದಲ್ಲಿ ಜೊತೆಗೆ ದುಡಿದಷ್ಟು ವರ್ಷ ಎಲ್ಲವನ್ನೂ ನಿನಗೇ ಹೇಳಿ ರೂಢಿಯಾಗಿದೆ.

ಮಧ್ಯಾಹ್ನ ಡಿಪೋದಲ್ಲಿ ಬಸ್ಸಿನ ಬ್ರೇಕ್ ಬಿಚ್ಚುತ್ತಿದ್ದೆ. ಗೇಟಿನ ಹೊರಗೆ ಪ್ರಚಾರದ ಜೀಪು ಬಂದು ನಿಂತಿತು. ಮೈಕಿನಲ್ಲಿ ನಿನ್ನ ದನಿ. ಕೆಲಸ ಬಿಟ್ಟು ಹೋದ ಮೇಲೆ ಒಂದು ಫೋನೂ ಮಾಡದವನು ಕೊನೆಗೂ ಬಂದನಲ್ಲ ಎಂದು ಖುಷಿಯಿಂದ ಓಡಿ ಬಂದೆ. ನೋಡಿದರೆ ಬಾವುಟ ನೀನು ಸದಾ ಬೈಯುತ್ತಿದ್ದ ಆ ಪಕ್ಷದವರದು. ನಿನ್ನ ಪಕ್ಕದಲ್ಲಿ ನನ್ನ ಅಣ್ಣ.

ರಾಜಕೀಯವೆಂದರೆ ಮೂಗು ಮುರಿಯುತ್ತಿದ್ದವನು ನಾನು. ಊಟದ ಹೊತ್ತಿನಲ್ಲಿ ಹಳೇ ಟೈರುಗಳ ಮೇಲೆ ಕೂರಿಸಿಕೊಂಡು ನನ್ನ ತಲೆಗೆ ಅದನ್ನು ತುಂಬಿದವನು ನೀನು. "ಅವ್ರ ಜೊತೆ ಇರೋನು ಅಣ್ಣನಾದ್ರೂ ಅಷ್ಟೇ, ಬಿಟ್ಹಾಕು" ಎಂದಿದ್ದು ನೀನೇ. ಆ ಮಾತನ್ನು ಅಣ್ಣನ ಮುಖಕ್ಕೆ ಹೊಡೆದಂತೆ ಹೇಳಿ ಬಂದವನು ನಾನು. ಆಮೇಲೆ ಅವನ ಮಗಳ ಮದುವೆಗೂ ಹೋಗಲಿಲ್ಲ.

"ಯಾವಾಗ ಆ ಕಡೆ ಹೋದ್ಯೋ?" ಎಂದು ಕೇಳಿದೆ.

ನೀನು ಮೈಕನ್ನು ಪಕ್ಕಕ್ಕೆ ಹಿಡಿದು ನಕ್ಕುಬಿಟ್ಟೆ. "ರಾಜಕೀಯಾನ ಇಷ್ಟೊಂದು ಮನಸ್ಸಿಗೆ ಹಚ್ಕೊಂಡ್ರೆ ಹೇಗೋ, ಪೆದ್ದ?"

ಸುತ್ತ ನಿಂತವರೂ ನಕ್ಕರು. ಅಣ್ಣ ನಗಲಿಲ್ಲ. ಜೀಪಿನಿಂದ ಸ್ವಲ್ಪ ಬಗ್ಗಿ, "ಊಟ ಆಯ್ತೇನೋ?" ಎಂದು ಕೇಳಿದ.

ಅಷ್ಟರಲ್ಲಿ ನೀನು ಡ್ರೈವರನ ಬೆನ್ನು ತಟ್ಟಿ "ನಡಿ, ನಡಿ" ಎಂದೆ. ಜೀಪು ಹೊರಟಿತು. ರಸ್ತೆಯ ತಿರುವಿನವರೆಗೂ ಅಣ್ಣ ನನ್ನ ಉತ್ತರಕ್ಕಾಗಿ ಹಿಂದಕ್ಕೆ ನೋಡುತ್ತಲೇ ಇದ್ದ.